ಎಣ್ಣೆ ಬಾವಿ ಕಾರ್ಮಿಕನಿಗೆ ಮಸ್ಕ್ ಮುಖ: ಟೆಸ್ಲಾಗೆ ಟಲ್ಸಾ ಹಾಕಿದ ಗಾಳ

ಅಮೆರಿಕದ ಒಕ್ಲಹೋಮಾ ರಾಜ್ಯದಲ್ಲಿ ಟಲ್ಸಾ ಅಂತ ಒಂದು ನಗರ. ನಾಲ್ಕು ಲಕ್ಷಕ್ಕೆ ಸ್ವಲ್ಪ ಮೇಲೆ ಜನ. ಅಲ್ಲಿನ ಎಕ್ಸ್‌ಪೋ ಮೈದಾನದ ಮುಂದೆ 75 ಅಡಿ ಎತ್ತರದ ಒಬ್ಬ ಮನುಷ್ಯ ನಿಂತಿದ್ದಾನೆ. ಮೈಯೆಲ್ಲ ಸಾಸಿವೆ ಹಳದಿ. ತಲೆಗೆ ಕೆಲಸದ ಟೋಪಿ, ಸೊಂಟಕ್ಕೆ ಅಗಲವಾದ ಬೆಲ್ಟು, ಬೆಲ್ಟಿನ ಮೇಲೆ ಊರಿನ ಹೆಸರು. ಒಂದು ಕೈಯನ್ನು ಪಕ್ಕದ ಕಬ್ಬಿಣದ ಗೋಪುರದ ಮೇಲೆ ಊರಿದ್ದಾನೆ. ಆ ಗೋಪುರ ಸುಮ್ನೆ ಅಲಂಕಾರಕ್ಕೆ ಮಾಡಿದ್ದಲ್ಲ, ಬತ್ತಿಹೋದ ಎಣ್ಣೆ ಬಾವಿಯಿಂದ ಕಿತ್ತು ತಂದ ಅಸಲಿ ಡೆರಿಕ್. ಇವನೇ ಗೋಲ್ಡನ್ ಡ್ರಿಲ್ಲರ್. ತೂಕ 20 ಟನ್‌ಗೆ ಹತ್ತಿರ. 1953ರ ಪೆಟ್ರೋಲಿಯಂ ಮೇಳಕ್ಕೆ ಮೊದಲು ಬಂದ, 1966ರಲ್ಲಿ ಶಾಶ್ವತವಾಗಿ ನೆಲೆ ನಿಂತ. 1979ರಲ್ಲಿ ರಾಜ್ಯ ಸರ್ಕಾರ ಇವನನ್ನು ಒಕ್ಲಹೋಮಾದ ಅಧಿಕೃತ ಸ್ಮಾರಕ ಅಂತ ಘೋಷಿಸಿತು.

2020ರ ಮೇ ತಿಂಗಳ ಮೂರನೇ ವಾರದಲ್ಲಿ ಇವನ ವೇಷವೇ ಬದಲಾಯಿತು. ಎದೆಯ ಮೇಲೆ ಟೆಸ್ಲಾದ ಕೆಂಪು ಲಾಂಛನ. ಬೆಲ್ಟಿನ ಮೇಲೆ ಊರಿನ ಹೆಸರು ಹೋಗಿ ಟೆಸ್ಲಾ ಅಂತ ಬಂತು. ಮುಖಕ್ಕೆ ಬಣ್ಣ ಬಳಿದು ಎಲಾನ್ ಮಸ್ಕ್ ಹೋಲಿಕೆ ತಂದರು. ಎಣ್ಣೆ ತೆಗೆಯುವವನ ಸ್ಮಾರಕಕ್ಕೆ ಎಲೆಕ್ಟ್ರಿಕ್ ಕಾರಿನ ಅಂಗಿ! ಮೇಯರ್ ಜಿ.ಟಿ. ಬೈನಮ್ ಇದನ್ನು ಊರಿಗೆ ತೋರಿಸಿದರು. ಫೋಟೋಗಳು ಪ್ರಪಂಚವೆಲ್ಲ ಸುತ್ತಿದವು.

ಇಷ್ಟೆಲ್ಲ ಮಾಡಿದ್ದು ಟೆಸ್ಲಾದ ಹೊಸ ಕಾರ್ಖಾನೆ ತಮ್ಮ ಊರಿಗೆ ಬರಲಿ ಅಂತ. ಎರಡು ತಿಂಗಳ ನಂತರ ಆ ಕಾರ್ಖಾನೆ ಟೆಕ್ಸಸ್ ರಾಜ್ಯದ ಆಸ್ಟಿನ್ ಪಾಲಾಯಿತು.

ಇದನ್ನು ನೋಡಿ ನಕ್ಕು ಮುಂದೆ ಹೋಗುವುದು ಸುಲಭ. ಆದರೆ ದೊಡ್ಡ ಹೆಸರಿನ ಉದ್ಯಮಿಯನ್ನು ಗಿಮಿಕ್ ಮಾಡಿ ಒಲಿಸಿಕೊಳ್ಳಲು ಹೊರಟವರ ಕಥೆಗಳಲ್ಲಿ ಟಲ್ಸಾದ್ದು ನನಗೆ ಬಹಳ ಇಷ್ಟದ್ದು. ಏಕೆಂದರೆ ಇಲ್ಲಿ ಗಿಮಿಕ್ ಚೆನ್ನಾಗಿಯೇ ಇತ್ತು. ಊರೂ ಸುಮಾರಾದ ಊರಲ್ಲ. ಕೊನೆಯ ಇಬ್ಬರಲ್ಲಿ ಒಬ್ಬರಾಗುವವರೆಗೂ ಹೋಗಿತ್ತು. ಆದರೂ ಕೆಲಸ ಆಗಲಿಲ್ಲ. ಏಕೆ?

ಆ ಎರಡು ತಿಂಗಳು

ಕಥೆ ಶುರುವಾಗಿದ್ದು 2020ರ ಮಾರ್ಚ್‌ನಲ್ಲಿ. ಸೈಬರ್‌ಟ್ರಕ್ ಎಂಬ ಎಲೆಕ್ಟ್ರಿಕ್ ಗಾಡಿ ತಯಾರಿಸಲು ಹೊಸ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದೇವೆ, ಅಮೆರಿಕದ ಮಧ್ಯಭಾಗದಲ್ಲಿ ಇರುತ್ತದೆ ಅಂತ ಮಸ್ಕ್ ಒಂದು ಟ್ವೀಟ್ ಹಾಕಿದರು. ಅಷ್ಟು ಸಾಕಾಯಿತು. ಮಧ್ಯಭಾಗದಲ್ಲಿರುವ ಊರುಗಳೆಲ್ಲ ಎದ್ದು ಕೂತವು. ಮಿಸೌರಿ ರಾಜ್ಯದ ಜಾಪ್ಲಿನ್ ಎಂಬ ಸಣ್ಣ ಊರು ಸಾವಿರ ಎಕರೆಗೂ ಮೇಲ್ಪಟ್ಟ ಜಾಗ ತೋರಿಸಿ ಬನ್ನಿ ಬನ್ನಿ ಅಂತ ಕರೆಯಿತು.

ಮುಂದಿನ ತಿಂಗಳು ಟಲ್ಸಾದ ಬುಡಕ್ಕೇ ನೀರು ಬಂತು. ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ಮೇ ತಿಂಗಳ ವಾಯಿದೆ ಬೆಲೆ (ಮುಂದೆ ಕೈಗೆ ಬರುವ ಎಣ್ಣೆಗೆ ಈಗಲೇ ಕಟ್ಟುವ ಬೆಲೆ) ಸೊನ್ನೆಗಿಂತ ಕೆಳಗಿಳಿದು, ಬ್ಯಾರಲ್‌ಗೆ ಮೈನಸ್ 37.63 ಡಾಲರ್‌ನಲ್ಲಿ ಮುಗಿಯಿತು. ಅಂದರೆ ಎಣ್ಣೆ ಇಟ್ಟುಕೊಂಡವರು ದುಡ್ಡು ಕೊಟ್ಟು ಸಾಗಹಾಕುವ ಸ್ಥಿತಿ. ಕೊರೊನಾದಿಂದ ಗಾಡಿಗಳು ನಿಂತಿದ್ದವು, ಎಣ್ಣೆ ತುಂಬಿಡಲು ಜಾಗ ಇರಲಿಲ್ಲ. ಈ ವಾಯಿದೆಯ ಎಣ್ಣೆ ಕೈ ಬದಲಾಯಿಸುವ ಜಾಗ ಕುಶಿಂಗ್. ಅದು ಟಲ್ಸಾದಿಂದ ಸುಮಾರು 80 ಕಿಲೋಮೀಟರ್ ದೂರ. ಒಂದು ಕಾಲಕ್ಕೆ ‘ಜಗತ್ತಿನ ಎಣ್ಣೆ ರಾಜಧಾನಿ’ ಅಂತ ಹೇಳಿಕೊಂಡ ಊರಿಗೆ ಇದಕ್ಕಿಂತ ದೊಡ್ಡ ಏಟು ಇನ್ನೇನು ಬೇಕು? ತಿಂಗಳ ನಂತರ ಡ್ರಿಲ್ಲರ್ ಎದೆ ಮೇಲೆ ಟೆಸ್ಲಾ ಗುರುತು ಬಂದಾಗ ಅದರಲ್ಲಿ ತಮಾಷೆ ಎಷ್ಟಿತ್ತೋ ಅವಸರವೂ ಅಷ್ಟೇ ಇತ್ತು.

ಅತ್ತ ಮಸ್ಕ್ ಬೇರೆ ಜಗಳದಲ್ಲಿದ್ದರು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯನ್ನು ಲಾಕ್‌ಡೌನ್‌ನಲ್ಲಿ ತೆರೆಯಲು ಅಲಮೀಡಾ ಕೌಂಟಿ (ನಮ್ಮ ಜಿಲ್ಲಾಡಳಿತ ಇದ್ದ ಹಾಗೆ) ಬಿಡಲಿಲ್ಲ. ಮೇ 9ರಂದು ಮಸ್ಕ್ ಸಿಟ್ಟಿನಿಂದ, ಕೇಂದ್ರ ಕಚೇರಿಯನ್ನೇ ಟೆಕ್ಸಸ್ಸಿಗೋ ನೆವಾಡಾಕ್ಕೋ ಒಯ್ಯುತ್ತೇನೆ ಅಂತ ಟ್ವೀಟ್ ಮಾಡಿದರು. ಅದಾದ ಒಂದೇ ವಾರದಲ್ಲಿ, ಹೊಸ ಕಾರ್ಖಾನೆಗೆ ಉಳಿದಿರುವುದು ಆಸ್ಟಿನ್ ಮತ್ತು ಟಲ್ಸಾ ಎರಡೇ ಅನ್ನುವ ಸುದ್ದಿ ಹೊರಬಿತ್ತು. ಸಿಟ್ಟಿನ ಟ್ವೀಟಿನಲ್ಲಿ ಒಕ್ಲಹೋಮಾದ ಹೆಸರು ಇರಲಿಲ್ಲ ಎಂಬುದನ್ನು ಆಗ ಟಲ್ಸಾದಲ್ಲಿ ಯಾರಾದರೂ ಗಮನಿಸಿದರೋ ಇಲ್ಲವೋ. ಸಿಟ್ಟಿನಲ್ಲಿ ಬಾಯಿಗೆ ಮೊದಲು ಬರುವ ಹೆಸರು ಮನಸ್ಸಿನಲ್ಲಿ ಮೊದಲೇ ಕೂತಿರುತ್ತದೆ, ಅಲ್ವಾ?

ಆ ವಾರವೇ ಡ್ರಿಲ್ಲರ್‌ಗೆ ಬಣ್ಣ ಬಿದ್ದಿದ್ದು. ಜುಲೈ ಮೊದಲ ವಾರದ ಹೊತ್ತಿಗೆ ಮಸ್ಕ್ ಖುದ್ದು ಟಲ್ಸಾಗೆ ಬಂದು ಜಾಗ ನೋಡಿದರು. ರಾಜ್ಯಪಾಲ ಕೆವಿನ್ ಸ್ಟಿಟ್ ಜೊತೆಗಿದ್ದರು. ಅಮೆರಿಕದಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಊರಿನವರಿಗೆ ಇನ್ನೇನು ಆಯಿತು ಅನ್ನಿಸಿರಬೇಕು.

ಇದಕ್ಕೆ ಮೊದಲು ಕುಣಿದವರು

ಟಲ್ಸಾ ಮೊದಲಿನದಲ್ಲ. 2010ರಲ್ಲಿ ಗೂಗಲ್ ಯಾವುದಾದರೂ ಊರಿಗೆ ಅತಿ ವೇಗದ ಇಂಟರ್‌ನೆಟ್ ಕೊಡುತ್ತೇವೆ, ಅರ್ಜಿ ಹಾಕಿ ಅಂದಿತು. ಸುಮಾರು 1,100 ಊರುಗಳು ಅರ್ಜಿ ಹಾಕಿದವು. ಡುಲುತ್ ನಗರದ ಮೇಯರ್ ಚಳಿಗಾಲದಲ್ಲಿ ಸುಪೀರಿಯರ್ ಸರೋವರಕ್ಕೆ ಹಾರಿದರು. ಕಾನ್ಸಾಸ್ ರಾಜ್ಯದ ರಾಜಧಾನಿ ಟೊಪೀಕಾ ಮಾರ್ಚ್ ತಿಂಗಳಿಡೀ ತನ್ನ ಹೆಸರನ್ನು ‘ಗೂಗಲ್’ ಅಂತಲೇ ಬದಲಾಯಿಸಿಕೊಂಡಿತು. (ಈ ಊರಿಗೆ ಇದು ಚಟ ಅಂತ ಕಾಣುತ್ತದೆ. 1998ರಲ್ಲಿ ಪೋಕೆಮಾನ್ ಬಂದಾಗಲೂ ಒಂದು ದಿನ ‘ಟೊಪಿಕಾಚು’ ಆಗಿತ್ತು.) ಗೂಗಲ್ ಕೂಡ ಸುಮ್ಮನಿರಲಿಲ್ಲ. ಏಪ್ರಿಲ್ 1ರಂದು ತನ್ನ ಮುಖಪುಟದಲ್ಲಿ ತನ್ನ ಹೆಸರನ್ನೇ ಟೊಪೀಕಾ ಅಂತ ಹಾಕಿಕೊಂಡು ನಗಿಸಿತು. ಮರುವರ್ಷ ಇಂಟರ್‌ನೆಟ್ ಹೋಗಿದ್ದು ಮಾತ್ರ ಪಕ್ಕದ ಕಾನ್ಸಾಸ್ ಸಿಟಿಗೆ.

2017ರಲ್ಲಿ ಅಮೆಜಾನ್ ಎರಡನೇ ಕೇಂದ್ರ ಕಚೇರಿ ಕಟ್ಟುತ್ತೇವೆ, 50,000 ಕೆಲಸ ಕೊಡುತ್ತೇವೆ ಅಂದಾಗ 238 ಅರ್ಜಿಗಳು ಬಂದವು. ಅರಿಜೋನಾದ ಟೂಸಾನ್ ಕಡೆಯವರು ಜೆಫ್ ಬೆಜೋಸ್‌ಗೆ 21 ಅಡಿಯ ಸಗ್ವಾರೋ ಕಳ್ಳಿ ಗಿಡವನ್ನು ಲಾರಿಯಲ್ಲಿ ಹೇರಿ ಕಳಿಸಿದರು. ಉಡುಗೊರೆ ತೆಗೆದುಕೊಳ್ಳುವುದಿಲ್ಲ ಅಂತ ಅಮೆಜಾನ್ ಅದನ್ನು ಅರಿಜೋನಾದ ಒಂದು ಮರುಭೂಮಿ ವಸ್ತುಸಂಗ್ರಹಾಲಯಕ್ಕೆ ಕೊಡಿಸಿತು. ಕೊನೆಗೆ ಅಮೆಜಾನ್ ಆರಿಸಿದ್ದು ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್. ಎರಡೂ ಊರುಗಳಿಗೆ ಯಾರ ಗಮನವನ್ನೂ ಸೆಳೆಯುವ ಅಗತ್ಯ ಇರಲಿಲ್ಲ.

ಇವುಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಟಲ್ಸಾದ ಗಿಮಿಕ್ ಒಂದು ಕೈ ಮೇಲು ಅಂತ ನನ್ನ ಅಭಿಪ್ರಾಯ. ಕಳ್ಳಿ ಗಿಡ ಏನನ್ನೂ ಹೇಳುವುದಿಲ್ಲ. ನಮ್ಮಲ್ಲಿ ಮರುಭೂಮಿ ಇದೆ ಅನ್ನುತ್ತದೆ, ಅಷ್ಟೇ. ಆದರೆ ಎಣ್ಣೆ ದುಡ್ಡಿನಲ್ಲೇ ಬೆಳೆದ ಊರು ತನ್ನ ಎಣ್ಣೆ ಮನುಷ್ಯನ ಎದೆಗೆ ಬ್ಯಾಟರಿ ಕಾರಿನ ಗುರುತು ಹಾಕಿದರೆ ಅದಕ್ಕೆ ಅರ್ಥ ಇದೆ. ಊರಿನ ಹಳಬರ ಮುನಿಸನ್ನು ಕಟ್ಟಿಕೊಂಡೂ ನಾವು ಬದಲಾಗಲು ತಯಾರು ಅನ್ನುವ ಮಾತು ಅದು. ಬಣ್ಣದ ಖರ್ಚು, ಕಾರ್ಖಾನೆಯ ಲೆಕ್ಕದ ಮುಂದೆ, ಏನೇನೂ ಅಲ್ಲ. ಮನೆಯಲ್ಲಿ ಕೂತು ಸುಸ್ತಾಗಿದ್ದ ಜನಕ್ಕೆ ಒಂದು ಗೆಲುವೂ ಸಿಕ್ಕಿತು. ಮೇಯರ್‌ಗೂ ನಷ್ಟವಿಲ್ಲ. ಸೋತರೂ ‘ಪ್ರಯತ್ನ ಮಾಡಿದ’ ಅನ್ನುತ್ತಾರೆ.

ಹಾಗಾದರೆ ಎಲ್ಲಿ ಎಡವಿತು?

ಆಸ್ಟಿನ್‌ನಲ್ಲಿ ಆಗ ಏನು ನಡೆದಿತ್ತು

ಟಲ್ಸಾದಲ್ಲಿ ಬಣ್ಣ ಒಣಗುತ್ತಿದ್ದಾಗ ಆಸ್ಟಿನ್‌ನಲ್ಲಿ ಕಡತ ಓಡುತ್ತಿತ್ತು. ಅಲ್ಲಿ ಯಾರೂ ಪ್ರತಿಮೆ ಮುಟ್ಟಲಿಲ್ಲ. ಬದಲಿಗೆ ಬೇಸರ ತರಿಸುವ ಸಭೆಗಳು. ಕಾರ್ಖಾನೆಯ ಜಾಗ ಬರುವ ಡೆಲ್ ವ್ಯಾಲಿ ಶಾಲಾ ಜಿಲ್ಲೆ (ಅಲ್ಲಿ ಶಾಲೆ ನಡೆಸಲು ತೆರಿಗೆ ಎತ್ತುವ ಸ್ಥಳೀಯ ಸಂಸ್ಥೆ) ಜುಲೈ 9ರಂದು ತೆರಿಗೆ ರಿಯಾಯಿತಿಗೆ ಒಪ್ಪಿಗೆ ಕೊಟ್ಟಿತು. ಅದರ ಮೊತ್ತ ಸುಮಾರು 4.6 ಕೋಟಿ ಡಾಲರ್. ಜುಲೈ 14ರಂದು ಟ್ರಾವಿಸ್ ಕೌಂಟಿ ಕನಿಷ್ಠ 1.4 ಕೋಟಿ ಡಾಲರ್ ತೆರಿಗೆ ಹಿಂತಿರುಗಿಸಲು ಒಪ್ಪಿತು. ಕೌಂಟಿ ಸಭೆಗಳಲ್ಲಿ ಕಾರ್ಮಿಕ ಸಂಘದವರು, ಸ್ಥಳೀಯರು ಬಂದು ಮಾತಾಡಿದರು. ಇಷ್ಟು ಶ್ರೀಮಂತ ಕಂಪನಿಗೆ ಶಾಲೆಯ ದುಡ್ಡು ಏಕೆ ಅಂತ ಕೇಳಿದರು. ಕೌಂಟಿ ಸುಮ್ನೆ ಕೊಡಲಿಲ್ಲ. ಗಂಟೆಗೆ ಕನಿಷ್ಠ 15 ಡಾಲರ್ ಕೂಲಿ, ಕೆಲಸದಲ್ಲಿ ಸ್ಥಳೀಯರಿಗೆ ಪಾಲು, ಹೀಗೆ ಷರತ್ತು ಹಾಕಿತು. ಪ್ರತಿಯಾಗಿ ಟೆಸ್ಲಾ ಹೇಳಿದ್ದು 110 ಕೋಟಿ ಡಾಲರ್ ಹೂಡಿಕೆ, 5,000 ಕೆಲಸ.

ಈ ಮಾತುಕತೆ ನಡೆದಷ್ಟು ದಿನವೂ ಟೆಸ್ಲಾ ಕೈಯಲ್ಲಿ ಒಂದು ಇಸ್ಪೀಟ್ ಎಲೆ ಇತ್ತು. ಅದರ ಹೆಸರು ಟಲ್ಸಾ. ಗಂಡಿನ ಕಡೆಯವರು ಒಂದು ಮನೆಯಲ್ಲಿ ಮಾತುಕತೆಗೆ ಕೂತಾಗ, ‘ಇನ್ನೊಂದು ಮನೆಯವರು ಆಗಲೇ ಚಪ್ಪರ ಹಾಕಿ ಕಾಯ್ತಿದ್ದಾರೆ’ ಅಂತ ಒಂದು ಮಾತು ತೇಲಿಬಿಡುವುದಿಲ್ಲವೇ? ಟಲ್ಸಾ ನಿಜವಾಗಿಯೂ ಚಪ್ಪರ ಹಾಕಿ, ಅದಕ್ಕೆ ಬಣ್ಣ ಬಳಿದು, ಫೋಟೋ ತೆಗೆಸಿ ಲೋಕಕ್ಕೆಲ್ಲ ತೋರಿಸಿತ್ತು. ಎರಡನೇ ಊರು ಇಷ್ಟು ಆಸೆಯಿಂದ ನಿಂತಿದೆ ಅಂತ ಟೆಸ್ಲಾ ಆಸ್ಟಿನ್‌ನವರಿಗೆ ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ಗಿಮಿಕ್‌ನ ಲಾಭ ಮೊದಲು ಸೇರುವುದು ಯಾರನ್ನು ಒಲಿಸಲು ಮಾಡಿದ್ದೋ ಅವರಿಗೆ.

ಲೆಕ್ಕ ನೋಡಿದರೆ ಆಸ್ಟಿನ್ ಕೊಟ್ಟಿದ್ದು ಅಷ್ಟೇನೂ ಜಾಸ್ತಿ ಅಲ್ಲ. ಎರಡೂ ಸೇರಿ 6 ಕೋಟಿ ಡಾಲರ್ ಆಸುಪಾಸು. 2014ರಲ್ಲಿ ಟೆಸ್ಲಾ ಬ್ಯಾಟರಿ ಕಾರ್ಖಾನೆಗೆ ಹಲವು ರಾಜ್ಯಗಳನ್ನು ಪೈಪೋಟಿಗೆ ಬಿಟ್ಟಾಗ ನೆವಾಡಾ ಸುಮಾರು 130 ಕೋಟಿ ಡಾಲರ್‌ನ ರಿಯಾಯಿತಿಗಳ ಕಟ್ಟನ್ನೇ ಒಪ್ಪಿಸಿತ್ತು. ಅಂದರೆ ಆಸ್ಟಿನ್ ಗೆದ್ದಿದ್ದು ದುಡ್ಡಿನಿಂದಲೂ ಅಲ್ಲ.

ಮತ್ತೆ ಯಾವುದರಿಂದ? ಮಸ್ಕ್ ಆಮೇಲೆ ಒಂದು ಸಂದರ್ಶನದಲ್ಲಿ ಹೇಳಿದರು. ಎಲ್ಲಿ ಹೋಗಿ ಇರಲು ಇಷ್ಟ ಅಂತ ತಮ್ಮ ತಂಡದವರನ್ನೇ ಕೇಳಿದರಂತೆ. ಅವರು ಮೊದಲು ಹೇಳಿದ ಹೆಸರು ಆಸ್ಟಿನ್. ಕ್ಯಾಲಿಫೋರ್ನಿಯಾದಲ್ಲಿ ಇರುವ ಎಂಜಿನಿಯರ್ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊಸ ಊರಿಗೆ ಹೋಗಬೇಕು. ಆಸ್ಟಿನ್‌ನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯ ಇದೆ, ಸುತ್ತಮುತ್ತ ಡೆಲ್, ಸ್ಯಾಮ್‌ಸಂಗ್, ಆಪಲ್ ಎಲ್ಲ ಇವೆ. ನಾಳೆ ಟೆಸ್ಲಾ ಬಿಟ್ಟರೂ ಅದೇ ಊರಿನಲ್ಲಿ ಇನ್ನೊಂದು ಕೆಲಸ ಸಿಗುತ್ತದೆ. ಗಂಡ ಟೆಸ್ಲಾದಲ್ಲಿದ್ದರೆ ಹೆಂಡತಿಗೂ ಅಲ್ಲೇ ಕೆಲಸ ಸಿಗುತ್ತದೆ. ಮಸ್ಕ್ ಅವರದೇ ಸ್ಪೇಸ್‌ಎಕ್ಸ್ ಆಗಲೇ ಟೆಕ್ಸಸ್‌ನಲ್ಲಿ ರಾಕೆಟ್ ಪರೀಕ್ಷೆ ಮಾಡುತ್ತಿತ್ತು. ಜಾಗ ಕೊಲರಾಡೋ ನದಿ ದಡದಲ್ಲಿ, ವಿಮಾನ ನಿಲ್ದಾಣಕ್ಕೆ ಐದು ನಿಮಿಷ, ಪೇಟೆಗೆ ಹದಿನೈದು ನಿಮಿಷ ಅಂತ ಮಸ್ಕ್ ಜುಲೈ 22ರಂದು ಹೂಡಿಕೆದಾರರ ಸಭೆಯಲ್ಲಿ ಹೇಳಿದರು.

ಇಲ್ಲೊಂದು ತಮಾಷೆ ನೋಡಿ. ಟೆಕ್ಸಸ್ ಕಾನೂನಿನ ಪ್ರಕಾರ ಕಾರು ಕಂಪನಿ ಗ್ರಾಹಕರಿಗೆ ನೇರವಾಗಿ ಕಾರು ಮಾರುವ ಹಾಗಿಲ್ಲ, ಡೀಲರ್ ಮೂಲಕವೇ ಮಾರಬೇಕು. ಟೆಸ್ಲಾಗೆ ಡೀಲರ್‌ಗಳೇ ಇಲ್ಲ. ಟೆಸ್ಲಾದ ವ್ಯಾಪಾರದ ರೀತಿಗೇ ಅಡ್ಡ ನಿಂತ ರಾಜ್ಯ ಅದು. ಅಷ್ಟಾದರೂ ಕಾರ್ಖಾನೆ ಅಲ್ಲಿಗೇ ಹೋಯಿತು. ಒಂದು ಕಡೆ ಎದೆ ಮೇಲೆ ಹೆಸರು ಬರೆಸಿಕೊಂಡ ಊರು, ಇನ್ನೊಂದು ಕಡೆ ಕಾರು ಮಾರಲು ಬಿಡದ ರಾಜ್ಯ. ಗೆದ್ದಿದ್ದು ಎರಡನೆಯದು.

ಟಲ್ಸಾ ಮಸ್ಕ್ ಎಂಬ ಒಬ್ಬ ವ್ಯಕ್ತಿಯನ್ನು ಗುರಿಯಾಗಿ ಇಟ್ಟುಕೊಂಡಿತ್ತು. ಅವರಿಗೆ ಟ್ವಿಟರ್ ಇಷ್ಟ, ತಮಾಷೆ ಇಷ್ಟ, ತಮ್ಮ ಮುಖ ಇಷ್ಟ. ಎಲ್ಲ ಸರಿ. ಆದರೆ ಊರು ಬದಲಾಯಿಸಬೇಕಾದವರು ಮಸ್ಕ್ ಅಲ್ಲ. ಯಾವ ಎಂಜಿನಿಯರ್‌ಗೆ ತಾನೇ 75 ಅಡಿಯ ಪ್ರತಿಮೆ ಮೇಲೆ ತನ್ನ ಬಾಸ್ ಮುಖ ನೋಡಿ ‘ಈ ಊರಿಗೆ ಹೋಗೋಣ’ ಅನ್ನಿಸುತ್ತದೆ?

ಅದೇ ಸಭೆಯಲ್ಲಿ ಮಸ್ಕ್ ಟಲ್ಸಾಗೆ ಧನ್ಯವಾದ ಹೇಳಿದರು. ತಮ್ಮ ತಂಡ ತುಂಬಾ ಮೆಚ್ಚಿಕೊಂಡಿದೆ, ಮುಂದೆ ವಿಸ್ತರಣೆ ಮಾಡುವಾಗ ಟಲ್ಸಾವನ್ನು ಖಂಡಿತ ಪರಿಗಣಿಸುತ್ತೇವೆ ಎಂಬ ಅರ್ಥದ ಮಾತಾಡಿದರು. ಮೂಗಿಗೆ ತುಪ್ಪ ಸವರುವುದು ಅಂತ ನಾವು ಹೇಳುವುದು ಇದಕ್ಕೇ. ಆಸ್ಟಿನ್ ಕಾರ್ಖಾನೆ 2022ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಮೊದಲೇ, 2021ರ ಕೊನೆಯಲ್ಲಿ, ಕಂಪನಿಯ ಕೇಂದ್ರ ಕಚೇರಿಯೂ ಆಸ್ಟಿನ್‌ಗೆ ಬಂದಾಗಿತ್ತು. 2023ರ ಮಾರ್ಚ್‌ನಲ್ಲಿ ಟೆಸ್ಲಾ ಮುಂದಿನ ಹೊಸ ಕಾರ್ಖಾನೆ ಘೋಷಿಸಿದಾಗ ಹೇಳಿದ ಹೆಸರು ಮೆಕ್ಸಿಕೋದ ಮಾಂಟೆರ‍್ರೇ.

ನಮ್ಮ ಕಡೆಯ ಕರೆಯೋಲೆಗಳು

ನಮ್ಮವರೂ ಮಸ್ಕ್‌ಗೆ ಕಡಿಮೆ ಗಾಳ ಹಾಕಿಲ್ಲ. 2021ರ ಜನವರಿ 8ರಂದು ಟೆಸ್ಲಾ ಭಾರತದ ಕಂಪನಿಯನ್ನು ಬೆಂಗಳೂರಿನಲ್ಲಿ ನೋಂದಣಿ ಮಾಡಿಸಿತು. ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪ ಟ್ವೀಟ್ ಮಾಡಿ ಸ್ವಾಗತ ಕೋರಿದರು. ಕಾರ್ಖಾನೆಯೇ ಬರುತ್ತದೆ ಅನ್ನುವ ಮಾತೂ ಮುಂದಿನ ತಿಂಗಳು ಸರ್ಕಾರದ ಕಡೆಯಿಂದ ಬಂತು. 2022ರ ಜನವರಿಯಲ್ಲಿ, ಭಾರತ ಸರ್ಕಾರದ ಜೊತೆ ಇನ್ನೂ ಹಲವು ತೊಡಕುಗಳಿವೆ ಅಂತ ಮಸ್ಕ್ ಬರೆದಾಗ ತೆಲಂಗಾಣದ ಕೆ.ಟಿ. ರಾಮರಾವ್, ಮಹಾರಾಷ್ಟ್ರದ ಜಯಂತ್ ಪಾಟೀಲ್, ಪಂಜಾಬಿನ ನವಜೋತ್ ಸಿಂಗ್ ಸಿಧು, ಒಬ್ಬರ ಹಿಂದೆ ಒಬ್ಬರು ಟ್ವಿಟರ್‌ನಲ್ಲೇ ನಮ್ಮಲ್ಲಿಗೆ ಬನ್ನಿ ಅಂದರು. ಟೆಸ್ಲಾದ ತಕರಾರು ಇದ್ದಿದ್ದು ಆಮದು ಸುಂಕದ ಬಗ್ಗೆ. ಅದು ದೆಹಲಿ ಕೈಯಲ್ಲಿರುವ ವಿಷಯ, ಯಾವ ರಾಜ್ಯದ ಸಚಿವರ ಕೈಯಲ್ಲೂ ಇರಲಿಲ್ಲ. ಕೊನೆಗೆ 2025ರ ಜುಲೈ 15ರಂದು ಮುಂಬೈಯಲ್ಲಿ ಒಂದು ಶೋರೂಂ ತೆರೆಯಿತು. ಮಾರಲು ಇಟ್ಟಿದ್ದು ಹೊರದೇಶದಿಂದ ತರಿಸಿದ ಕಾರು.

ಇಂಥ ಮಾತು ಬಂದಾಗೆಲ್ಲ ನಮ್ಮಲ್ಲಿ ಒಂದು ರೂಪಾಯಿ ಎಸ್‌ಎಂಎಸ್ ಕಥೆ ಹೇಳುವವರು ಇದ್ದಾರೆ. 2008ರ ಅಕ್ಟೋಬರ್‌ನಲ್ಲಿ ಟಾಟಾ ನ್ಯಾನೋ ಕಾರಿನ ಕಾರ್ಖಾನೆ ಪಶ್ಚಿಮ ಬಂಗಾಳದ ಸಿಂಗೂರಿನಿಂದ ಕಾಲ್ತೆಗೆದಾಗ ಗುಜರಾತ್ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿ ರತನ್ ಟಾಟಾಗೆ ಸ್ವಾಗತದ ಒಂದು ಎಸ್‌ಎಂಎಸ್ ಕಳಿಸಿದರು, ಒಂದು ರೂಪಾಯಿಯಲ್ಲಿ ಕೆಲಸ ಆಯಿತು ಅಂತ. ಆಗ ಕರ್ನಾಟಕವೂ ಧಾರವಾಡದ ಬಳಿ ಜಾಗ ಕೊಡುತ್ತೇವೆ ಅಂತ ಕರೆದಿತ್ತು. ಎಸ್‌ಎಂಎಸ್ ಕಥೆಯಲ್ಲಿ ಬಿಟ್ಟುಹೋಗುವುದು ಗುಜರಾತಿನ ಸಾಣಂದ್‌ನಲ್ಲಿ ಸರ್ಕಾರದ ಕೈಯಲ್ಲೇ ಇದ್ದ 1,100 ಎಕರೆ ಜಮೀನು. ರೈತರಿಂದ ಕಿತ್ತುಕೊಂಡು ಕೊಡಬೇಕಾದ್ದಿರಲಿಲ್ಲ. ಸಿಂಗೂರಿನಲ್ಲಿ ಟಾಟಾಗೆ ತಲೆನೋವಾಗಿದ್ದು ಅದೇ ಜಮೀನಿನ ಜಗಳ. ಎಸ್‌ಎಂಎಸ್ ಯಾರು ಬೇಕಾದರೂ ಕಳಿಸಬಹುದು. ಆ ತಲೆನೋವಿಗೆ ಮದ್ದು ಇದ್ದಿದ್ದು ಗುಜರಾತಿನ ಹತ್ತಿರ.

ಟಲ್ಸಾ ಆಮೇಲೆ

ಸೋತ ಮೇಲೂ ಒಕ್ಲಹೋಮಾ ಎಲೆಕ್ಟ್ರಿಕ್ ಕಾರಿನ ಆಸೆ ಬಿಡಲಿಲ್ಲ. 2021ರ ಜೂನ್‌ನಲ್ಲಿ ಕನೂ ಎಂಬ ಹೊಸ ಕಂಪನಿ ಟಲ್ಸಾ ಹತ್ತಿರದ ಪ್ರಯರ್‌ನಲ್ಲಿ ಕಾರ್ಖಾನೆ ಕಟ್ಟುತ್ತೇವೆ, 2,000 ಕೆಲಸ ಕೊಡುತ್ತೇವೆ ಅಂದಿತು. ರಾಜ್ಯವೇ ಸಂಭ್ರಮಪಟ್ಟಿತು. ಹೇಳಿದ ಕಾರ್ಖಾನೆ ಹೇಳಿದಂತೆ ಮೇಲೇಳಲಿಲ್ಲ. 2025ರ ಜನವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ನಡುವೆ 2022ರಲ್ಲಿ ಪ್ಯಾನಾಸಾನಿಕ್‌ನ 400 ಕೋಟಿ ಡಾಲರ್ ಬ್ಯಾಟರಿ ಕಾರ್ಖಾನೆಗೆ ಒಕ್ಲಹೋಮಾ ಸುಮಾರು 70 ಕೋಟಿ ಡಾಲರ್ ಪ್ರೋತ್ಸಾಹಧನದ ಕಾನೂನನ್ನೇ ಮಾಡಿತು. ಅದು ಪಕ್ಕದ ಕಾನ್ಸಾಸ್‌ಗೆ ಹೋಯಿತು.

ಇಷ್ಟು ಓದಿದವರಿಗೆ ಟಲ್ಸಾದವರಿಗೆ ಬುದ್ಧಿ ಇಲ್ಲ ಅನ್ನಿಸಬಹುದು. ಹಾಗಲ್ಲ. ಆಸ್ಟಿನ್‌ನಲ್ಲಿ ಇದ್ದು ತಮ್ಮಲ್ಲಿ ಇಲ್ಲದ್ದು ಏನು ಅನ್ನುವುದು ಆ ಊರಿನ ಕೆಲವರಿಗೆ ಮೊದಲೇ ಗೊತ್ತಿತ್ತು. ಟೆಸ್ಲಾ ಗದ್ದಲಕ್ಕೂ ಮೊದಲೇ, 2018ರಲ್ಲಿ, ಅಲ್ಲಿನ ಜಾರ್ಜ್ ಕೈಸರ್ ಫ್ಯಾಮಿಲಿ ಫೌಂಡೇಶನ್ ಎಂಬ ದತ್ತಿ ಸಂಸ್ಥೆ ‘ಟಲ್ಸಾ ರಿಮೋಟ್’ ಅಂತ ಒಂದು ಯೋಜನೆ ಶುರು ಮಾಡಿತ್ತು. ಬೇರೆ ಊರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವವರು ಟಲ್ಸಾಗೆ ಬಂದು ಒಂದು ವರ್ಷ ಇದ್ದರೆ 10,000 ಡಾಲರ್ ಕೊಡುತ್ತಾರೆ. ಕೂತು ಕೆಲಸ ಮಾಡಲು ಜಾಗ, ಪರಿಚಯ ಮಾಡಿಸುವ ಕೂಟಗಳು ಬೇರೆ. ಇಲ್ಲಿ ದೊಡ್ಡ ಉದ್ಯಮಿ ಇಲ್ಲ, ರಿಬ್ಬನ್ ಕತ್ತರಿಸುವುದಿಲ್ಲ. ಒಂದೊಂದೇ ಮನೆ ಸಾಮಾನಿನ ಲಾರಿ ಬರುತ್ತದೆ. ಇಲ್ಲಿಯವರೆಗೆ 3,000ಕ್ಕೂ ಜಾಸ್ತಿ ಜನ ಹೀಗೆ ಬಂದಿದ್ದಾರೆ. ಅವರಲ್ಲಿ ಎಂಜಿನಿಯರ್‌ಗಳೂ ಇದ್ದಾರೆ. ಒಂದು ವರ್ಷದ ಕರಾರು ಮುಗಿದ ಮೇಲೂ ಅಲ್ಲೇ ಮನೆ ಮಾಡಿಕೊಂಡು ಉಳಿದವರೂ ಇದ್ದಾರೆ.